ರಾಶಿಗೆ ಬಿದ್ದ ರೊಟ್ಟಿ

ಈಚೆಗೆ ಒಂದು ದಿನ ಸೊಸೆ ಪಾತ್ರೆ ತಿಕ್ಕಲಿಕ್ಕೆಂದು ಪೇಟೆಯಿಂದ ರಬ್ಬರಿನ ಕೈಗವಸು ತಂದಳು. ಸೋಪಿನಿಂದ ಅವಳ ಬೆರಳ ಸಂದಿಗಳೆಲ್ಲ ಒಡೆದಿವೆ, ತಂದದ್ದು ತಪ್ಪಲ್ಲ. ಆದರೆ ಪೊಟ್ಟಣ ಹರಿದು ಅವನ್ನು ಹೊರಗೆಳೆದಾಗ ಹೊಸ ರಬ್ಬರು, ಅದಕ್ಕೆ ಬಳಿದ ಬಿಳಿ ಪುಡಿ ಎರಡೂ ಸೇರಿದ ಒಂದು ವಾಸನೆ ಅಡುಗೆಮನೆಯ ತುಂಬ ಹರಡಿತು ನೋಡಿ… ನನಗೆ ತಲೆ ಕೆಟ್ಟುಹೋಯಿತು. "ಮೊದಲ ಅವನ್ನ ಹೊರಗ ಒಯ್ಯಿ" ಎಂದು ಗದರಿಬಿಟ್ಟೆ. ಪಾಪ, ಅವಳಿಗೇನು ಗೊತ್ತು. ಅತ್ತೆಗೆ ಬಿ.ಪಿ. ಏರಿದೆ ಎಂದುಕೊಂಡು ಸುಮ್ಮನೆ ಎದ್ದುಹೋದಳು.

ಇದೇ ವಾಸನೆಯ ಒಂದು ಜೊತೆ ಕೈಗವಸನ್ನು ಎಷ್ಟೋ ವರ್ಷಗಳ ಹಿಂದೆ ನಮ್ಮ ಓಣಿಯ ಮಠದ ಹಿರಿಯರೊಬ್ಬರು ದೊಡ್ಡವ್ವನ ಮುಂದೆ ತಂದಿಟ್ಟಿದ್ದರು. ನಾನು ಅಲ್ಲೇ ಕಂಬಕ್ಕೆ ಒರಗಿ ನಿಂತಿದ್ದೆ. ಆ ದಿನದ ಸಿಟ್ಟು ಇನ್ನೂ ಆರಿಲ್ಲ. ಆರಬಾರದು ಎಂದೇ ನನ್ನ ಹಟ.

ದೊಡ್ಡವ್ವ ಎಂದರೆ ನನಗೆ ರಕ್ತಸಂಬಂಧಿಯಲ್ಲ. ಬೈಲಹೊಂಗಲದ ನಮ್ಮ ಓಣಿಗೆಲ್ಲ ಆಕೆ ದೊಡ್ಡವ್ವ. ನಮ್ಮ ಮನೆಗೂ ಆಕೆಯ ಮನೆಗೂ ನಡುವೆ ಒಂದೇ ಗೋಡೆ. ಸಂಗೊಳ್ಳಿಯಿಂದ ಸೊಸೆಯಾಗಿ ಬಂದ ಮೊದಲ ಬೆಳಗ್ಗೆ ನನ್ನನ್ನು ಎಬ್ಬಿಸಿದ್ದು ಕೋಳಿಯಲ್ಲ, ಗೋಡೆಯಾಚೆ ಆಕೆ ರೊಟ್ಟಿ ಬಡಿಯುವ ಸಪ್ಪಳ. ಆಕೆಯ ಗಂಡ ಎಂ.ಕೆ. ಹುಬ್ಬಳ್ಳಿಯ ಸಕ್ಕರೆ ಕಾರ್ಖಾನೆಗೆ ಕಬ್ಬಿನ ಲಾರಿ ಓಡಿಸುತ್ತಿದ್ದರು, ಹಂಗಾಮು ಬಂದರೆ ಮನೆಯ ದಾರಿಯೇ ಮರೆಯುತ್ತಿದ್ದರು. ಮನೆ ನಡೆಸಿದ್ದು, ಮಗಳನ್ನು ರಾಮದುರ್ಗಕ್ಕೆ ಮದುವೆ ಮಾಡಿಕೊಟ್ಟಿದ್ದು ಎಲ್ಲ ಆಕೆಯ ಜೋಳದ ರೊಟ್ಟಿಯೇ. ಬ್ಯಾಂಕಿನ ಒಂಟಿ ಗಂಡಸರು, ಹತ್ತಿ ಪೇಟೆಯ ದಲಾಲರು, ಮದುವೆ ಮನೆಯವರು, ಎಲ್ಲರೂ ಆಕೆಯ ಬಾಗಿಲಿಗೆ ಬರುತ್ತಿದ್ದರು.

ಎಂಥ ರೊಟ್ಟಿ ಅದು! ದೀಪಕ್ಕೆ ಹಿಡಿದರೆ ಬೆಳಕು ಆಚೆಯಿಂದ ಈಚೆ ಬರಬೇಕು ಎನ್ನುವವಳು ಆಕೆ. ಅಷ್ಟು ತೆಳ್ಳಗೆ ಬಡಿಯುವವರು ಊರಲ್ಲಿ ಇನ್ನೊಬ್ಬರಿರಲಿಲ್ಲ, ಮತ್ತು ಅದು ಆಕೆಗೆ ಚೆನ್ನಾಗಿಯೇ ಗೊತ್ತಿತ್ತು. ಗರ್ವ ಎಂದರೆ ಗರ್ವ. ನಾನು ಬ್ಲೌಸು ಹೊಲಿಯುವವಳು, ಬಟ್ಟೆಯ ಮೇಲೆ ನನ್ನ ಕತ್ತರಿ ನೆಟ್ಟಗೆ ಓಡುತ್ತದೆ, ಹಿಟ್ಟಿನ ಮೇಲೆ ಕೈ ಓಡುವುದಿಲ್ಲ. ನನ್ನ ರೊಟ್ಟಿ ನೋಡಿ ದೊಡ್ಡವ್ವ, "ಇದ್ಯಾವ ತಾಲೂಕಿನ ನಕಾಶಿ ತಂಗಿ? ರಾಮದುರ್ಗದ್ದೋ, ಸವದತ್ತೀದೋ?" ಎಂದು ಕೇಳುತ್ತಿದ್ದಳು. ನಾನೂ ಬಿಡುತ್ತಿರಲಿಲ್ಲ. "ಕಿತ್ತೂರಿಂದ್ರಿ, ಕ್ವಾಟಿ ಗ್ವಾಡಿ ಅಲ್ಲಲ್ಲೇ ಬಿದ್ದೈತಿ" ಎನ್ನುತ್ತಿದ್ದೆ. ನಗುತ್ತ ನಗುತ್ತ ನನ್ನ ಹಿಟ್ಟಿನ ಉಂಡೆ ಕಸಿದುಕೊಂಡು ತಾನೇ ಬಡಿದುಕೊಡುತ್ತಿದ್ದಳು.

ನಮ್ಮ ಓಣಿಯ ಮಠದಲ್ಲಿ ಶ್ರಾವಣ ಪೂರ್ತಿ ಸಂಜೆ ಪುರಾಣ, ಪುರಾಣವಾದ ಮೇಲೆ ದಾಸೋಹ. ದಿನಕ್ಕೊಂದು ಓಣಿಯ ಪಾಳಿ. ಪಾಳಿ ಬಂದ ದಿನ ಪ್ರತಿ ಮನೆಯಿಂದ ಒಂದು ಬುಟ್ಟಿ ರೊಟ್ಟಿ ಹೋಗಬೇಕು. ಮಠದ ಪಡಸಾಲೆಯಲ್ಲಿ ಬಿಳಿ ಧೋತರ ಹಾಸಿರುತ್ತಾರೆ, ಎಲ್ಲ ಬುಟ್ಟಿಗಳನ್ನೂ ಅದರ ಮೇಲೆ ಸುರಿಯುತ್ತಾರೆ. ಒಮ್ಮೆ ರಾಶಿಗೆ ಬಿದ್ದ ರೊಟ್ಟಿ ಯಾರ ಮನೆಯದೂ ಅಲ್ಲ, ಅದು ಮಠದ ಪ್ರಸಾದ. ಅದನ್ನು ಎತ್ತಿ ಬದಿಗಿಡುವುದು, ಚೆಲ್ಲುವುದು ದೊಡ್ಡ ಪಾಪ. ಇದನ್ನು ನನಗೆ ಹೇಳಿಕೊಟ್ಟಿದ್ದೂ ದೊಡ್ಡವ್ವನೇ.

ಅದೊಂದು ಬೇಸಿಗೆಯಲ್ಲಿ ಕಾದ ಹಂಚಿನ ಅಂಚು ಆಕೆಯ ಎಡಗೈ ಹಿಂಭಾಗಕ್ಕೆ ತಾಗಿತು. ರೊಟ್ಟಿ ಮಾಡುವವರಿಗೆ ಅದೇನು ಹೊಸದಲ್ಲ. ಬೊಬ್ಬೆ ಬಂತು, ಒಡೆಯಿತು. ಆದರೆ ಮಾಯಲಿಲ್ಲ. ನಾಲ್ಕಾರು ದಿನದಲ್ಲಿ ಬೊಬ್ಬೆಯ ಜಾಗದಲ್ಲಿ ಹುಣ್ಣು, ಅದರ ಅಂಚು ನೇರಳೆ ಹಣ್ಣಿನ ಬಣ್ಣ. ನೋವು ಎಂದರೆ, ಸೆರಗು ತಾಗಿದರೂ ಹಲ್ಲು ಕಚ್ಚುತ್ತಿದ್ದಳು.

ಆಮೇಲೆ ಓಣಿಯ ಪ್ರೀತಿಯೆಲ್ಲ ಆ ಹುಣ್ಣಿನ ಮೇಲೆ ಬಿತ್ತು. ನಮ್ಮ ಅತ್ತೆಯವರ ಕಾಯಿದೆ ಒಂದೇ: ಹುಣ್ಣನ್ನು ಬೇವಿನ ನೀರಿನಿಂದ ತೊಳೆದು, ಕೆರೆದು, ಕೆಟ್ಟದ್ದೆಲ್ಲ ತೆಗೆದು, ಬಿಸಿ ಎಣ್ಣೆ ಅರಿಶಿಣ ಹಾಕಬೇಕು. ಎಲ್ಲ ಮಾಡಿದರು. ಹುಣ್ಣು ಹಿಗ್ಗಿತು. ಆಗ ಸವದತ್ತಿಯ ಗುಡ್ಡಕ್ಕೆ ಹೋಗಿಬರಲು ಹೇಳಿದರು. ಯಲ್ಲಮ್ಮನಿಗೇ ಶಾಪದಿಂದ ಮೈಯೆಲ್ಲ ಹುಣ್ಣಾಗಿ, ಜೋಗುಳಬಾವಿಯಲ್ಲಿ ಮಿಂದಾಗ ವಾಸಿಯಾಯಿತೆಂಬ ನಂಬಿಕೆ ನಮ್ಮ ಕಡೆ ಇದೆಯಲ್ಲ, ಚರ್ಮದ ಕಾಯಿಲೆ ಎಂದರೆ ಮೊದಲು ಆ ನೀರು. ದೊಡ್ಡವ್ವ ಹೋದಳು, ಮಿಂದಳು. ಯಾರೋ ಪುಣ್ಯಾತ್ಗಿತ್ತಿ ಗುಡಿಯ ಭಂಡಾರದ ಅರಿಶಿಣವನ್ನು ಹುಣ್ಣಿನೊಳಗೆ ಗಸಗಸ ತಿಕ್ಕಿ ಕಳಿಸಿದಳು. ಮರಳಿ ಬರುವಷ್ಟರಲ್ಲಿ ಕೈ ಬಾತು ಬದನೆಕಾಯಿ. ಕೊನೆಗೆ ಪೇಟೆಯ ಒಬ್ಬ ವೈದ್ಯರು ಸತ್ತ ಮಾಂಸವೆಂದು ಅಂಚನ್ನು ಕೊಯ್ದು ಸ್ವಚ್ಛ ಮಾಡಿದರು. ವಾರದಲ್ಲಿ ಹುಣ್ಣು ಎರಡರಷ್ಟಾಯಿತು. ಅದಕ್ಕಿಂತ ಆಶ್ಚರ್ಯವೆಂದರೆ ಸಲಾಯಿನ್ ಏರಿಸಲು ಬಲಗೈ ಹಿಂಭಾಗಕ್ಕೆ ಸೂಜಿ ಚುಚ್ಚಿದ್ದರಲ್ಲ, ಆ ಸೂಜಿಯ ತೂತಿನಲ್ಲೂ ಅಂಥದ್ದೇ ಒಂದು ಹುಣ್ಣು ಎದ್ದಿತು.

ಅಂಗೈ ಹುಣ್ಣಿಗೆ ಕನ್ನಡಿ ಬೇಕೆ ಎನ್ನುತ್ತಾರೆ. ಇದು ಅಂಗೈಯ ಬೆನ್ನಿನ ಹುಣ್ಣು, ಇದಕ್ಕೆ ಊರೇ ಕನ್ನಡಿ ಹಿಡಿದು ನಿಂತಿತು. ಎರಡೂ ಕೈಗೆ ಬಂದಿದೆಯೆಂದರೆ ಕುಷ್ಠವೇ ಸರಿ ಎಂದು ಯಾರು ಮೊದಲು ಅಂದರೋ ಗೊತ್ತಿಲ್ಲ. ಬ್ಯಾಂಕಿನವರು ಬರುವುದನ್ನು ಬಿಟ್ಟರು. ರಾಮದುರ್ಗದ ಬೀಗರು, ಮಗಳನ್ನು ಸದ್ಯ ತವರಿಗೆ ಕಳಿಸುವುದಿಲ್ಲ ಎಂದು ಹೇಳಿಕಳಿಸಿದರು. ದೊಡ್ಡವ್ವ ಅದನ್ನು ಕೇಳಿ, "ಕಳಿಸಿದ್ರ ಅಕೀ ಕೈಲೆ ಮುಸುರಿ ತಿಕ್ಕಸೂದಿತ್ತು, ಉಳೀತು ಬಿಡು ಹುಡುಗಿ" ಎಂದಳು. ಆ ಮಾತಿಗೆ ನಗಲು ಹೋದೆ, ಆಗಲಿಲ್ಲ.

ಧಾರವಾಡಕ್ಕೆ ಆಕೆಯನ್ನು ಕರೆದುಕೊಂಡು ಹೋದವಳು ನಾನೇ. ಬಸ್ಸಿನಲ್ಲಿ ಪಕ್ಕ ಕುಳಿತಿದ್ದ ಹೆಂಗಸು ಬ್ಯಾಂಡೇಜು ನೋಡಿ ಎದ್ದು ಹಿಂದೆ ಹೋದಳು. ದೊಡ್ಡವ್ವ ಆ ಜಾಗದಲ್ಲಿ ತನ್ನ ಚೀಲ ಇಟ್ಟು, ಕಾಲು ಚಾಚಿ, ಎಲ್ಲರಿಗೂ ಕೇಳುವಂತೆ ಹೇಳಿದಳು: "ಆರಾಮ ಆತು ನೋಡು, ಇಬ್ಬರಿಗೆ ಮೂರು ಸೀಟು."

ಅಲ್ಲಿಯ ಚರ್ಮದ ಡಾಕ್ಟರ್ ನಡುವಯಸ್ಸಿನ ಹೆಂಗಸು. ಬ್ಯಾಂಡೇಜು ಬಿಚ್ಚಿ ಬಹಳ ಹೊತ್ತು ಬರೀ ನೋಡಿದರು, ಮುಟ್ಟಲಿಲ್ಲ. ಹಂಚು ತಾಗಿದ್ದು, ಕೆರೆದದ್ದು, ಕೊಯ್ದದ್ದು, ಸೂಜಿಯ ಜಾಗ ಎಲ್ಲ ಕೇಳಿದರು. ಅಂಚಿನ ಚೂರನ್ನು ಪರೀಕ್ಷೆಗೆ ಕಳಿಸಿ, ರಕ್ತ ನೋಡಿ, ಮುಂದಿನ ಸಲ ಹೋದಾಗ ವಿವರಿಸಿದರು. "ಅವ್ವಾರ, ಇದು ಕುಷ್ಠ ಅಲ್ರಿ. ಯಾರಿಗೂ ಅಂಟೂದಿಲ್ಲ. ನಿಮ್ಮ ರಕ್ತದಾಗ ಮೈ ಕಾಯೂವ ಕಣ ಇರತಾವಲ್ರಿ, ಅವ ದಾರಿ ತಪ್ಪಿ ನಿಮ್ಮ ಚರ್ಮದ ಮ್ಯಾಲ ಬಿದ್ದಾವು. ಕೆರೆದಷ್ಟೂ ಕೊಯ್ದಷ್ಟೂ ಬರತಾವ."

"ಅಂದ್ರ ಬೇಲೀನ ಎದ್ದು ಹೊಲ ಮೇದಂಗಾತು ಅನ್ರಿ" ಎಂದಳು ದೊಡ್ಡವ್ವ.

ಡಾಕ್ಟರು ನಕ್ಕುಬಿಟ್ಟರು. ಮೊದಲೇ ಅಪರೂಪದ ಜಡ್ಡು, ಬಂದರೂ ಸಾಮಾನ್ಯವಾಗಿ ಕಾಲಿಗೆ ಬರುತ್ತದೆ, ಹೀಗೆ ಎರಡೂ ಕೈಯ ಬೆನ್ನಿಗೆ ಬಂದದ್ದನ್ನು ತಾವೂ ಕಂಡಿಲ್ಲ ಎಂದು ಹೇಳಿ, ಕಲಿಯುತ್ತಿರುವ ಹುಡುಗ ಹುಡುಗಿಯರನ್ನು ಕರೆದು ತೋರಿಸಿದರು. ಅದರ ಇಂಗ್ಲಿಷ್ ಹೆಸರು ನನ್ನ ನಾಲಗೆಗೆ ಅಂದೂ ಹೊರಳಲಿಲ್ಲ, ಇಂದೂ ಹೊರಳುವುದಿಲ್ಲ. ಹೊರಗೆ ಬಂದ ಮೇಲೆ ದೊಡ್ಡವ್ವ, "ನೋಡಿದೇನ, ಊರಾಗಿನ ಮಂದಿ ನನ್ನ ಕೈ ಕಂಡ್ರ ಓಡತಾರ, ಇಲ್ಲಿ ಪಾಳಿ ಹಚ್ಚಿ ನಿಂತ್ರು" ಎಂದಳು. ಆ ದಿನ ಆಕೆಯ ನಡಿಗೆಯೇ ಬೇರೆಯಾಗಿತ್ತು.

ಡಾಕ್ಟರು ಕೊಟ್ಟ ಗುಳಿಗೆಗಳು ಕೆಲಸ ಮಾಡಿದವು. ಮುಖ ಉಬ್ಬಿತು, ಸಕ್ಕರೆ ಏರಿತು, ನಿದ್ದೆ ಹೋಯಿತು, ಆದರೆ ಹುಣ್ಣು ತಾನಾಗಿಯೇ ಮುಚ್ಚುತ್ತ ಬಂತು. ತಿಂಗಳುಗಟ್ಟಲೆ ಒಲೆ ಹಚ್ಚಲಿಲ್ಲ. ನನ್ನ ನಕಾಶೆ ರೊಟ್ಟಿಯನ್ನೇ ಬೈಯುತ್ತ ಬೈಯುತ್ತ ಉಂಡಳು. ಕೊನೆಗೆ ಎರಡೂ ಕೈಯ ಬೆನ್ನ ಮೇಲೆ ಹಳೆಯ ಜರಡಿಯಂಥ ಕಲೆ ಉಳಿಯಿತು, ತೆಳ್ಳಗಿನ ಕಂದು ಚರ್ಮ, ನಡುನಡುವೆ ಗುಳಿ. ಗಾಯ ಮಾಯಿತು, ಊರಿನ ಬಾಯಿ ಮಾಯಲಿಲ್ಲ. ಡಾಕ್ಟರು ಹೇಳಿದ್ದನ್ನು ನಾನು ಬ್ಲೌಸಿನ ಅಳತೆಗೆ ಬಂದವರಿಗೆಲ್ಲ ಹೇಳಿದೆ. ಹೌದಾ, ಹೌದಾ ಎಂದು ತಲೆ ಅಲ್ಲಾಡಿಸಿ, ದೊಡ್ಡವ್ವನ ಬಾಗಿಲು ದಾಟುವಾಗ ಸೆರಗು ಒಟ್ಟುಮಾಡಿಕೊಂಡು ಹೋಗುತ್ತಿದ್ದರು.

ಮರುವರ್ಷದ ಶ್ರಾವಣ ಬಂತು. ನಮ್ಮ ಓಣಿಯ ಪಾಳಿಯ ದಿನ ದೊಡ್ಡವ್ವ ಮತ್ತೆ ಒಲೆಯ ಮುಂದೆ ಕುಳಿತಳು. ಕೈಗೆ ಬಿಸಿ ತಾಗದಂತೆ ಹಂಚಿನಿಂದ ದೂರ ಕೂತು, ಉದ್ದನೆಯ ಚಮಚದಿಂದ ತಿರುವಿ ಹಾಕುತ್ತ, ಮೊದಲಿನಷ್ಟೇ ತೆಳ್ಳಗೆ ಬಡಿದಳು. ಬುಟ್ಟಿಯನ್ನು ಮಠಕ್ಕೆ ತಾನೇ ಒಯ್ದು ಕೊಟ್ಟಳು. ದಾಸೋಹ ನೋಡಿಕೊಳ್ಳುವ ಹಿರಿಯರು ನಗುನಗುತ್ತಲೇ ಇಸಿದುಕೊಂಡರು.

ಮರುದಿನ ಬೆಳಗ್ಗೆ ನಾವಿಬ್ಬರೂ ಖಾಲಿ ಬುಟ್ಟಿ ತರಲು ಹೋದೆವು. ಮಠದ ಹಿಂದೆ ದನದ ಕೊಟ್ಟಿಗೆ. ಗೋದಲಿಯಲ್ಲಿ ರೊಟ್ಟಿಗಳಿದ್ದವು. ಯಾರವು ಎಂದು ಕೇಳುವ ಅಗತ್ಯವೇ ಇರಲಿಲ್ಲ, ಅಂಥ ತೆಳು ರೊಟ್ಟಿ ಊರಲ್ಲಿ ಒಬ್ಬರದೇ. ಆಕೆಯ ಬುಟ್ಟಿಯನ್ನು ರಾಶಿಗೆ ಸುರಿದೇ ಇರಲಿಲ್ಲ. ದೊಡ್ಡವ್ವ ನಿಂತು ನೋಡಿದಳು. ಒಂದು ಎತ್ತು ತಲೆಯೆತ್ತಿ ಆಕೆಯನ್ನೂ ನೋಡಿ ಮತ್ತೆ ಮೇಯತೊಡಗಿತು. ನಾನು ಒದರಾಡಬೇಕೆಂದಿದ್ದೆ, ಆಕೆ ನನ್ನ ರಟ್ಟೆ ಹಿಡಿದು ಹೊರಗೆ ಎಳೆದುಕೊಂಡು ಬಂದಳು. ಆ ದಿನ ಗೋಡೆಯಾಚೆಯಿಂದ ಒಂದು ಸಪ್ಪಳವೂ ಬರಲಿಲ್ಲ. ಅಳುವ ದನಿ ಬಂದಿದ್ದರೂ ನನಗೆ ಅಷ್ಟು ಹೆದರಿಕೆಯಾಗುತ್ತಿರಲಿಲ್ಲ.

ನಾವು ಗೋದಲಿ ಕಂಡದ್ದು ಹಿರಿಯರಿಗೆ ತಿಳಿಯಿತೋ ಏನೋ, ಎರಡು ದಿನದ ಮೇಲೆ ತಾವೇ ದೊಡ್ಡವ್ವನ ಮನೆಗೆ ಬಂದರು. ಪುರಾಣದ ಕೊನೆಯ ದಿನ ಮಂಗಲ, ಅಂದು ಊರಿನ ಹೆಂಗಸರೆಲ್ಲ ಮಠದ ಅಂಗಳದಲ್ಲೇ ಸಾಲಾಗಿ ಒಲೆ ಹೂಡಿ ರೊಟ್ಟಿ ಬಡಿಯುವ ರೂಢಿ. ಅದರ ಮಾತೆತ್ತಿ, ಮೆಡಿಕಲ್ ಅಂಗಡಿಯ ಪೊಟ್ಟಣವೊಂದನ್ನು ಕಟ್ಟೆಯ ಮೇಲಿಟ್ಟರು.

"ಮಂದಿ ಬಾಯಿ ನಮ್ಮ ಕೈಯಾಗ ಇಲ್ಲವ್ವ. ಇವನ್ನ ಹಾಕ್ಕೊಂಡು ಬಡಿ, ಯಾರೂ ಏನೂ ಅನ್ನೂದಿಲ್ಲ."

ದೊಡ್ಡವ್ವ ಕೈಗವಸನ್ನು ಎತ್ತಿ ಮೂಸಿ ನೋಡಿದಳು. "ಒಲಿ ಮುಂದ ಇದು ಕರಗಿ ರೊಟ್ಟಿಗಿ ಹತ್ತಿದ್ರ ಏನ ಮಾಡ್ಲಿ ಅಣ್ಣಾರ? ನನ್ನ ಕೈ ಮುಟ್ಟಿದ್ದು ಬ್ಯಾಡ, ರಬ್ಬರ್ ತಿಂತೀರೇನು?"

"ಹಂಗಾರ ಈ ವರ್ಷ ಮನ್ಯಾಗ ಇರು. ಮುಂದಿನ ವರ್ಷ ನೋಡೂಣು" ಎಂದು ಅವರು ಎದ್ದರು. ದೊಡ್ಡವ್ವ ಪೊಟ್ಟಣವನ್ನು ಅವರ ಕೈಗೇ ಮರಳಿ ಕೊಟ್ಟಳು.

ಮಂಗಲದ ದಿನ ಅಂಗಳದಲ್ಲಿ ಒಲೆಗಳ ಸಾಲು ಹೊಗೆಯಾಡುತ್ತಿತ್ತು. ದೊಡ್ಡವ್ವ ತನ್ನ ಹಿಟ್ಟು, ತನ್ನ ಹಂಚು ಹೊತ್ತುಕೊಂಡು ಬಂದು ಸಾಲಿನ ನಟ್ಟನಡುವೆ ಖಾಲಿಯಿದ್ದ ಒಲೆಯ ಮುಂದೆ ಕುಳಿತಳು. ಹಸಿರು ಬಳೆಗಳನ್ನು ಮೇಲಕ್ಕೆ ಸರಿಸಿ, ಎರಡೂ ಕೈ ಎಲ್ಲರಿಗೂ ಕಾಣುವಂತೆ ಹಿಟ್ಟು ನಾದಿದಳು. ಎಡಕ್ಕಿದ್ದವಳು ಎದ್ದಳು, ಬಲಕ್ಕಿದ್ದವಳೂ ಎದ್ದಳು. ನಮ್ಮ ಅತ್ತೆ ದೂರದಿಂದ ಕಣ್ಣು ಬಿಡುತ್ತಿದ್ದರು. ನಾನು ಹೋಗಿ ಎಡಗಡೆಯ ಒಲೆ ಹಿಡಿದೆ. ಬಲಗಡೆಯದು ಖಾಲಿಯೇ ಉಳಿಯಿತು.

ಸ್ವಲ್ಪ ಹೊತ್ತಿಗೆ ನನಗೊಂದು ವಿಚಿತ್ರ ಕಂಡಿತು. ದೊಡ್ಡವ್ವ ರೊಟ್ಟಿಯನ್ನು ದಪ್ಪಗೆ ಬಡಿಯುತ್ತಿದ್ದಳು. ಎಲ್ಲರ ಮನೆಯ ರೊಟ್ಟಿಯಂಥ ರೊಟ್ಟಿ, ಅಂಚು ಒರಟು, ನಡುವೆ ಗಂಟು. ಅಲ್ಲೊಂದು ಇಲ್ಲೊಂದು ಬೇಕೆಂದೇ ಸೊಟ್ಟ. ಕೈ ನೋಯುತ್ತಿರಬಹುದೆಂದು ಆಕೆಯ ಕಡೆ ಬಾಗಿ ಕೇಳಿದೆ.

"ಯಾಕ್ರಿ ದೊಡ್ಡವ್ವಾ, ಕೈಗಿ ಆಗವಲ್ದೇನ್ರಿ?"

"ಸುಮ್ನ ಬಡಿ" ಎಂದಳು, ತಲೆ ಎತ್ತಲಿಲ್ಲ.

ಬುಟ್ಟಿ ತುಂಬಿದೊಡನೆ ಎದ್ದು ನೇರ ಪಡಸಾಲೆಗೆ ನಡೆದಳು. ಹಿರಿಯರು ಆಗ ಹುಗ್ಗಿಯ ಕೊಪ್ಪರಿಗೆಯ ಹತ್ತಿರವಿದ್ದರು. ಅವರು "ಏ, ಏ" ಎನ್ನುತ್ತ ಓಡಿಬರುವಷ್ಟರಲ್ಲಿ ದೊಡ್ಡವ್ವ ಬುಟ್ಟಿಯನ್ನು ಧೋತರದ ಮೇಲಿನ ರಾಶಿಗೆ ಸುರಿದು, ಮೊಣಕಾಲೂರಿ ಕುಳಿತು, ಆ ಜರಡಿ ಕೈಗಳೆರಡನ್ನೂ ಮೊಣಕೈವರೆಗೆ ರಾಶಿಯೊಳಗೆ ಹಾಕಿ, ಮೇಲಿನದು ಕೆಳಗೆ ಕೆಳಗಿನದು ಮೇಲೆ ಮಾಡಿ ಕಲಸಿಬಿಟ್ಟಳು. ಆಮೇಲೆ ಎದ್ದುನಿಂತು ಸೆರಗಿಗೆ ಕೈ ಒರೆಸಿಕೊಂಡಳು.

"ಈಗ ಆರಿಸ್ರಿ ಅಣ್ಣಾರ. ನನ್ನೂವು ಯಾವು, ನಿಮ್ಮ ಮನೀವು ಯಾವು?"

ಅಂಗಳವೇ ಅಲ್ಲಿ ಬಂದು ನಿಂತಿತ್ತು. ಹಿರಿಯರು ಒಂದು ರೊಟ್ಟಿ ಎತ್ತಿ ತಿರುಗಿಸಿ ನೋಡಿದರು, ಇಟ್ಟರು. ಇನ್ನೊಂದು ಎತ್ತಿ ತಮ್ಮ ಹೆಂಡತಿಯ ಮುಖ ನೋಡಿದರು. ಆ ತಾಯಿ, "ನಂದ ಇರಬೇಕ್ರಿ… ಅಲ್ಲೇನೋ" ಎಂದು ತೊದಲಿದರು. ತೆಳು ರೊಟ್ಟಿ ಹುಡುಕುತ್ತಿದ್ದ ಕಣ್ಣುಗಳಿಗೆಲ್ಲ ಬರೀ ದಪ್ಪ ರೊಟ್ಟಿ. ನನಗೆ ಆಗ ಅರ್ಥವಾಯಿತು. ಚೆಲ್ಲುವುದಾದರೆ ಇಡೀ ರಾಶಿ ಚೆಲ್ಲಬೇಕು, ಊರಿನ ಎಲ್ಲ ಮನೆಯ ಪ್ರಸಾದ ಚೆಲ್ಲಬೇಕು. ಆ ಪಾಪಕ್ಕೆ ಅವರ ಎದೆ ಸಾಲಲಿಲ್ಲ. ಹೊರಗೆ ಪಂಕ್ತಿ ಕುಳಿತಾಗಿತ್ತು. "ಬಡಸ್ರಿ" ಎಂದರು, ಯಾರ ಮುಖವನ್ನೂ ನೋಡದೆ.

ಕೆಲವರು ಅಂದು ಬರೀ ಅನ್ನ ಉಂಡು ಎದ್ದರು. ಯಾರೆಂದು ನನಗೆ ನೆನಪಿದೆ. ಉಳಿದವರು ಉಂಡರು. ನಮ್ಮ ಅತ್ತೆ ಎರಡು ರೊಟ್ಟಿ ಬಡಿಸಿಕೊಂಡು, ಪಲ್ಯದೊಂದಿಗೆ ಪೂರ್ತಿ ತಿಂದು, "ಈ ಸಲ ರೊಟ್ಟಿ ಭಾಳ ದಪ್ಪ ಆಗ್ಯಾವು" ಎಂದು ಗೊಣಗಿದರು. ಆ ಒಂದು ಗೊಣಗಿಗಾಗಿ ಅವರ ನೂರು ತಪ್ಪು ಮರೆತಿದ್ದೇನೆ.

ಮನೆಗೆ ಬರುವ ದಾರಿಯಲ್ಲಿ ನಾನು ಗೆದ್ದ ಹುರುಪಿನಲ್ಲಿ ಮಾತಾಡುತ್ತಲೇ ಇದ್ದೆ. ತಿರುಗಿ ನೋಡುತ್ತೇನೆ, ದೊಡ್ಡವ್ವನ ಕಣ್ಣಲ್ಲಿ ನೀರು. ಕುಷ್ಠ ಅಂದಾಗ ಅತ್ತಿರಲಿಲ್ಲ, ಬೀಗರು ಹೇಳಿಕಳಿಸಿದಾಗ ಅತ್ತಿರಲಿಲ್ಲ, ಗೋದಲಿಯ ಮುಂದೂ ಅತ್ತಿರಲಿಲ್ಲ.

"ಅಂಥಾ ಸೊಟ್ಟ ರೊಟ್ಟಿ ಬಡದೆನಲ್ಲ ತಂಗಿ ಈ ಕೈಲೆ" ಎಂದಳು. "ದೇವರ ಮುಂದ ನಾಚಿಕಿ ಬಂತು."

ನಾನು ಆಕೆಯ ಹಂಚನ್ನು ಇಸಿದುಕೊಂಡು ನನ್ನ ಕಂಕುಳಿಗೆ ಸೇರಿಸಿದೆ.

ಮರುವರ್ಷ ಆಕೆ ಮತ್ತೆ ತೆಳ್ಳಗೆ ಬಡಿದಳು, ಬುಟ್ಟಿ ರಾಶಿಗೆ ಬಿತ್ತು, ಯಾರೂ ತಡೆಯಲಿಲ್ಲ. ಯಾರೂ ತಪ್ಪಾಯಿತು ಎನ್ನಲೂ ಇಲ್ಲ. ಹಳೆಯ ಗಿರಾಕಿಗಳಲ್ಲಿ ಅರ್ಧ ಮಂದಿ ಮರಳಿದರು, ಬೀಗರ ಮುನಿಸು ಇಳಿದು ಮಗಳು ಬಂದುಹೋಗತೊಡಗಿದಳು. ಹುಣ್ಣು ನಡುವೆ ಒಮ್ಮೆ ಕಾಲಿಗೆ ಬಂದಿತ್ತು. ಆಗ ಯಾರಿಗೂ ಕೆರೆಯಲು ಬಿಡದೆ ನೇರ ಧಾರವಾಡದ ಬಸ್ಸು ಹತ್ತಿದಳು. ಆ ಜಡ್ಡಿಗೆ ಆಕೆಯನ್ನು ಒಯ್ಯಲಾಗಲಿಲ್ಲ. ಹೋದ ವರ್ಷ ಚಳಿಗಾಲದಲ್ಲಿ, ವಯಸ್ಸಾಗಿ, ಉಂಡು ಮಲಗಿದವಳು ಏಳಲಿಲ್ಲ.

ಕಳೆದ ವಾರ ಈ ವರ್ಷದ ಮಂಗಲವಿತ್ತು. ಈಗ ತೀರ ಮುದುಕರಾಗಿರುವ ಅದೇ ಹಿರಿಯರು ಮೈಕಿನ ಮುಂದೆ ನಿಂತು, ರಾಮದುರ್ಗದಿಂದ ಬಂದಿದ್ದ ದೊಡ್ಡವ್ವನ ಮಗಳಿಗೆ ಶಾಲು ಹೊದಿಸಿದರು. "ಆ ತಾಯಿ ರೊಟ್ಟಿ ಇಲ್ಲದ ನಮ್ಮ ದಾಸೋಹ ಒಂದ ವರ್ಷನೂ ನಡೀಲಿಲ್ಲ" ಎಂದರು. ಚಪ್ಪಾಳೆ ಬಿತ್ತು. ನನ್ನ ಕಾಲುಗಳು ನನ್ನನ್ನು ಕೇಳದೆ ಎದ್ದು ನಿಂತವು.

"ನಡೀತ್ರಿ" ಎಂದೆ. "ಒಂದು ವರ್ಷ ಆಕೀ ರೊಟ್ಟಿ ದನಕ್ಕ ಹಾಕಿ ನಡೀತು. ಶಾಲು ಹೊದಸ್ರಿ, ಬ್ಯಾಡ ಅನ್ನೂದಿಲ್ಲ. ಅದನ್ನೂ ಹೇಳಿ ಹೊದಸ್ರಿ."

ಹಿಂದಿನಿಂದ ಸೊಸೆ ಸೆರಗು ಜಗ್ಗಿದಳು. ಹಿರಿಯರು ಮೈಕನ್ನು ಬದಿಗೆ ಸರಿಸಿ, "ಹಳೇದ್ಯಾಕ ಕೆದಕತಿ ತಂಗಿ?" ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು. ನನಗೆ ಕನಿಕರ ಬರಲಿಲ್ಲ.

"ಆಕಿ ಇದ್ದಿದ್ರ ನಾ ಬಾಯಿ ತಗೀತಿರಲಿಲ್ರಿ. 'ಆರಿಸ್ರಿ' ಅಂತ ಆಕೀನ ಕೇಳತಿದ್ಲು."

ಕುಳಿತೆ. ಮಗಳು ಶಾಲಿನ ಅಂಚಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು. ಇಷ್ಟು ದಿನ ಆಕೆ ಗೋಡೆಯಾಚೆಯೇ ಇದ್ದಾಳೆಂಬಂತೆ ನಡೆದುಕೊಂಡಿದ್ದೆ. ಆಕೆಯ ಮಾತನ್ನು ನಾನು ಆಡಬೇಕಾಗಿ ಬಂದ ಮೇಲೆ ತಿಳಿಯಿತು, ದೊಡ್ಡವ್ವ ಇಲ್ಲ.